ತಿಪ್ಪಣ್ಣನ ಶೆಡ್ಡು

ಕಾಡು ಮುಗಿದು ಊರು ಶುರುವಾಗುವ ಕಡೆ ಒಂದು ಹೂದೋಟ ಇತ್ತು, ಮಕ್ಕಳೇ. ಮಾಲಿ ತೋಟ ಬಿಟ್ಟುಹೋಗಿ ಬಹಳ ಕಾಲವಾಗಿತ್ತು. ಹೂಗಿಡಗಳ ಜಾಗದಲ್ಲಿ ಬರೀ ಮುಳ್ಳುಪೊದೆ. ಉಳಿದದ್ದು ಮೂಲೆಯ ಹೆಂಚಿನ ಶೆಡ್ಡು ಒಂದೇ. ಮಾಲಿ ತನ್ನ ಗುದ್ದಲಿ, ಬುಟ್ಟಿ ಇಡುತ್ತಿದ್ದದ್ದು ಅಲ್ಲೇ.

ಆ ಶೆಡ್ಡಿನಲ್ಲಿ ತಿಪ್ಪಣ್ಣ ಅನ್ನುವ ಹೆಗ್ಗಣ ಇತ್ತು. 'ಇತ್ತು' ಅಂದರೆ ಅದಕ್ಕೆ ಸಿಟ್ಟು ಬರುತ್ತದೆ, 'ಇದ್ದ' ಅನ್ನೋಣ. ತಿಪ್ಪಣ್ಣನಿಗೆ ಸಿಕ್ಕಿದ್ದನ್ನೆಲ್ಲ ಎಳೆದು ತಂದು ಒಟ್ಟುವುದೇ ಕೆಲಸ. ಹರಿದ ಗೋಣಿಚೀಲ, ತೂತು ಬಿದ್ದ ಪೈಪು, ತಳವಿಲ್ಲದ ಬುಟ್ಟಿ, ಕಾವು ಕಳಚಿದ ಗುದ್ದಲಿ, ಗುದ್ದಲಿ ಕಳಚಿದ ಕಾವು. ಒಂದನ್ನಾದರೂ ಬಳಸಿದವನಲ್ಲ, ಯಾರಿಗೂ ಕೊಟ್ಟವನೂ ಅಲ್ಲ. ಕೊನೆಗೆ ಮಲಗಲು ಜಾಗವಿಲ್ಲದೆ ಆ ರಾಶಿಯ ಮೇಲೆಯೇ ಮುದುಡಿಕೊಂಡು ಮಲಗುತ್ತಿದ್ದ.

ಮೋಡ ಕಟ್ಟುವ ಕಾಲಕ್ಕೆ ಚುಕ್ಕಮ್ಮ ಅನ್ನುವ ಗೌಜಲಹಕ್ಕಿ ಬಾಗಿಲಿಗೆ ಬಂದಳು. ಗೌಜಲು ಮರದ ಮೇಲೆ ಗೂಡು ಕಟ್ಟುವ ಹಕ್ಕಿಯಲ್ಲ, ನೆಲದಲ್ಲೇ ಮೊಟ್ಟೆ ಇಡುತ್ತದೆ. ಅವಳಿದ್ದ ಪೊದೆಯನ್ನು ಯಾರೋ ಸೌದೆಗೆ ಕಡಿದುಬಿಟ್ಟಿದ್ದರು. ಒಣಗಿದ ಜಾಗ ಸಿಗದಿದ್ದರೆ ಈ ಸಲದ ಮೊಟ್ಟೆಗಳೆಲ್ಲ ಮಳೆಗೆ ಹೋದಂತೆಯೇ. ಒಂದು ಮೂಲೆ ಕೊಡಿ, ಮರಿಗಳು ಕಾಲೂರಿದ ಕೂಡಲೇ ಹೊರಟುಹೋಗುತ್ತೇನೆ ಅಂತ ಬೇಡಿಕೊಂಡಳು.

ತಿಪ್ಪಣ್ಣ ಆಕಳಿಸುತ್ತ, ಆ ಸೋರುವ ಮೂಲೆ ಬೇಕಾದರೆ ಇಟ್ಟುಕೋ ಅಂದ. ತನಗೆ ಬೇಡದ್ದನ್ನು ಕೊಡಲು ಅವನಿಗೇನು ಕಷ್ಟ?

ಚುಕ್ಕಮ್ಮ ಮೊದಲು ತಲೆಯೆತ್ತಿ ಸೂರು ನೋಡಿದಳು. ಇಡೀ ಸೂರನ್ನು ಹೊತ್ತ ತೊಲೆಯನ್ನು ಗೆದ್ದಲು ತಿಂದು, ಅದು ನಡುವಿನಲ್ಲಿ ಬಾಗಿ ನಿಂತಿತ್ತು. ಅವಳು ಓಡಿಬಂದು, "ತಿಪ್ಪಣ್ಣ, ಕಾವು ಕೊಡಬೇಕಾಗಿತ್ತು" ಅಂದಳು.

ಗುದ್ದಲಿಯ ಹಿಡಿಯೂ ಕಾವು, ಹಕ್ಕಿ ಮೊಟ್ಟೆಯ ಮೇಲೆ ಕೂತು ಕೊಡುವ ಬಿಸಿಯೂ ಕಾವು. ಅರೆನಿದ್ದೆಯಲ್ಲಿದ್ದ ತಿಪ್ಪಣ್ಣ ಇವಳು ಮೊಟ್ಟೆಯ ಮಾತಾಡುತ್ತಿದ್ದಾಳೆ ಅಂದುಕೊಂಡ. "ಕೊಟ್ಕೋ ಹೋಗು, ಅದಕ್ಕೂ ನನ್ನನ್ನು ಕೇಳಬೇಕಾ?" ಅಂತ ಮಗ್ಗುಲು ಬದಲಿಸಿದ.

ಚುಕ್ಕಮ್ಮ ಕರೆದಾಗ ಪಕ್ಕದ ಪೊದೆಯ ಮುಳ್ಳುಹಂದಿ ಮುಳ್ಳಯ್ಯ ಬಂದು ಗುದ್ದಲಿಯ ಕಾವನ್ನು ನೆಟ್ಟಗೆ ನಿಲ್ಲಿಸಿ ತೊಲೆಗೆ ಆಸರೆ ಕೊಟ್ಟ. ಮಣ್ಣು ಹೊರುವ ಕಬ್ಬಿಣದ ಬಾಂಡ್ಲಿಯೊಂದು ಅಲ್ಲೇ ಬಿದ್ದಿತ್ತು. ಅದನ್ನು ಬೋರಲು ಹಾಕಿ, ಒಂದು ಅಂಚಿಗೆ ಇಟ್ಟಿಗೆ ಕೊಟ್ಟ. ಬಾಂಡ್ಲಿಯ ಕೆಳಗೆ ಚುಕ್ಕಮ್ಮ ಮೊಟ್ಟೆ ಇಟ್ಟಳು. ಆಮೇಲೆ ಉಳಿದ ಸಾಮಾನನ್ನೂ ಒಂದೊಂದಾಗಿ ತಿಪ್ಪಣ್ಣನನ್ನು ಕೇಳಿ ಕೇಳಿಯೇ ತೆಗೆದುಕೊಂಡಳು, ಅವನು ನಿದ್ದೆಗಣ್ಣಿನಲ್ಲೇ ಹೂಂ ಅಂದ. ಗೋಣಿಚೀಲ ಬಾಗಿಲಿಗೆ ಪರದೆಯಾಯಿತು. ಪೈಪು ಸೋರುವ ನೀರನ್ನು ಹೊರಗೆ ಹಾಯಿಸಿತು. ತಳವಿಲ್ಲದ ಬುಟ್ಟಿಯಲ್ಲಿ ಅಳಿಲಿನ ಮಕ್ಕಳು ನುಗ್ಗಿ ಆಡಿದರು.

ಮಳೆ ಬಂದಾಗ ಅಳಿಲು, ಕಪ್ಪೆ, ಮುಳ್ಳಯ್ಯ ಎಲ್ಲರೂ ಅಲ್ಲಿಗೇ ಬಂದು ಕೂತು ಹರಟೆ ಹೊಡೆಯತೊಡಗಿದರು. ಒಂದು ದಿನ ಅಳಿಲು ಯಾರಿಗೋ ದಾರಿ ಹೇಳುತ್ತಿದ್ದದ್ದು ತಿಪ್ಪಣ್ಣನ ಕಿವಿಗೆ ಬಿತ್ತು: "ಚುಕ್ಕಮ್ಮನ ಮನೆ ಹತ್ತಿರ ಎಡಕ್ಕೆ ತಿರುಗು."

ಚುಕ್ಕಮ್ಮನ ಮನೆಯಂತೆ! ತಿಪ್ಪಣ್ಣನಿಗೆ ಅವತ್ತು ಊಟ ಸೇರಲಿಲ್ಲ. ಸೂರು ನನ್ನದು, ಸಾಮಾನು ನನ್ನದು, ಹೆಸರು ಮಾತ್ರ ಅವಳದ್ದಾ ಅಂತ ಒಳಗೊಳಗೇ ಕುದಿದ. ಇಷ್ಟು ಕಾಲ ಒಬ್ಬನಾದರೂ 'ತಿಪ್ಪಣ್ಣನ ಶೆಡ್ಡು' ಅಂದದ್ದುಂಟೇ? ಯಾಕೆ ಅನ್ನಲಿಲ್ಲ ಅಂತ ಯೋಚಿಸಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಯೋಚಿಸಲಿಲ್ಲ.

ಮರುದಿನ ಬಂದು ಗೋಣಿಚೀಲ ನನ್ನದು ಅಂತ ಎಳೆದುಕೊಂಡು ಹೋದ. ಚುಕ್ಕಮ್ಮ ಬಾಗಿಲಿಗೆ ತೇಗದ ಎಲೆ ಕಟ್ಟಿದಳು. ಪೈಪು ಕಿತ್ತುಕೊಂಡ. ಅವಳು ಕಾಲಿನಿಂದ ಕೆರೆದು ಸಣ್ಣ ಕಾಲುವೆ ತೆಗೆದಳು. ಬುಟ್ಟಿ ಕಸಿದುಕೊಂಡ. ಅಳಿಲಿನ ಮಕ್ಕಳು ತೆಂಗಿನ ಚಿಪ್ಪು ತಂದು ಆಡಿದರು. ಬಾಂಡ್ಲಿಗೂ ಕೈ ಹಾಕಿದ, ಅದು ಅಲುಗಾಡಲಿಲ್ಲ. ಏನು ಕಿತ್ತರೂ ಬರುವವರು ಬರುತ್ತಲೇ ಇದ್ದರು. ಅದನ್ನು ನೋಡಿ ನೋಡಿ ಅವನ ಹೊಟ್ಟೆ ಇನ್ನಷ್ಟು ಉರಿಯಿತು.

ಕೊನೆಗೊಂದು ಮಧ್ಯಾಹ್ನ ಅವನ ಕಣ್ಣು ತೊಲೆಯ ಕೆಳಗಿನ ಕೋಲಿನ ಮೇಲೆ ಬಿತ್ತು. ಅರೆ, ಇದು ನನ್ನ ಗುದ್ದಲಿಯ ಕಾವು, ನಾನು ಯಾವಾಗ ಕೊಟ್ಟೆ ಅಂತ ಓಡಿಬಂದು ಅದನ್ನು ತಬ್ಬಿ ಹಿಡಿದ. ಬಾಂಡ್ಲಿಯ ಕೆಳಗೆ ಕೂತಿದ್ದ ಚುಕ್ಕಮ್ಮ ಕತ್ತು ಹೊರಗೆ ಚಾಚಿದಳು. ಅಷ್ಟು ದಿನ ಏನು ಕಿತ್ತರೂ ಬೇಡದಿದ್ದವಳು ಈಗ ಗೋಗರೆದಳು.

"ತಿಪ್ಪಣ್ಣ, ಏನು ಬೇಕಾದರೂ ತಗೊಳ್ಳಿ, ಕಾವು ಮಾತ್ರ ಬಿಟ್ಟುಬಿಡಿ. ಅದು ನನಗಲ್ಲ, ತೊಲೆಗೆ ಕೊಟ್ಟದ್ದು."

ತಿಪ್ಪಣ್ಣನ ಕಿವಿಗೆ ಬಿದ್ದದ್ದು 'ಬಿಟ್ಟುಬಿಡಿ' ಅನ್ನುವುದೊಂದೇ. "ಓಹೋ, ಹಾಗಾದರೆ ಇದೇ ನಿನಗೆ ಎಲ್ಲಕ್ಕಿಂತ ಬೇಕಾದದ್ದು" ಅಂದ. ಇಷ್ಟು ದಿನಕ್ಕೆ ಅವಳು ಬೇಡಿದಳಲ್ಲ ಅಂತ ಅವನ ಮುಖ ಅರಳಿತು. ಕಾಲೂರಿ, ಉಸಿರು ಬಿಗಿಹಿಡಿದು ಎಳೆದ.

ಕಾವು ಬಂತು. ಅದರ ಹಿಂದೆಯೇ ತೊಲೆ ಬಂತು, ತೊಲೆಯ ಹಿಂದೆ ಹೆಂಚೆಲ್ಲ ಬಂತು.

ಧೂಳು ಇಳಿದ ಮೇಲೆ ಮುಳ್ಳಯ್ಯ ಓಡಿಬಂದು ಹೆಂಚು ಸರಿಸಿದ. ಕಬ್ಬಿಣದ ಬಾಂಡ್ಲಿ ಇದ್ದ ಹಾಗೇ ಇತ್ತು. ಕೆಳಗೆ ಚುಕ್ಕಮ್ಮ ಮೊಟ್ಟೆ ಬಿಟ್ಟು ಎದ್ದಿರಲಿಲ್ಲ. ತಿಪ್ಪಣ್ಣ ಮಾತ್ರ ತಾನೇ ಒಟ್ಟಿದ ಸಾಮಾನಿನ ಅಡಿಯಲ್ಲಿ ಸಿಕ್ಕಿಬಿದ್ದಿದ್ದ. ಹೊರಗೆ ಎಳೆದಾಗ ಬಾಲ ಮುರಿದಿತ್ತು, ಕಾವು ಇನ್ನೂ ಕೈಯಲ್ಲೇ ಇತ್ತು.

ಕೆಲವೇ ದಿನಗಳಲ್ಲಿ ಮರಿಗಳು ಹೊರಬಂದವು. ಕೊಟ್ಟ ಮಾತಿನಂತೆ ಚುಕ್ಕಮ್ಮ ಹೊರಟಳು, ಹೋಗುವಾಗ ತಿಪ್ಪಣ್ಣನಿಗೆ ಹೇಳಿಯೇ ಹೋದಳು. ಅವನು ಮುಖ ತಿರುಗಿಸಿಕೊಂಡ. ಅವನ ಗೋಣಿ, ಬುಟ್ಟಿ ಎಲ್ಲ ಮಳೆಯಲ್ಲಿ ನೆನೆದು ಕೊಳೆತುಹೋದವು.

ಅಳಿಲು ಈಗಲೂ ಬಂದವರಿಗೆ ದಾರಿ ಹೇಳುತ್ತದೆ: "ತಿಪ್ಪಣ್ಣನ ತಿಪ್ಪೆ ಹತ್ತಿರ ಎಡಕ್ಕೆ ತಿರುಗು."

ಅಂತೂ ಆ ಜಾಗಕ್ಕೆ ಅವನ ಹೆಸರು ಬಂತು.

ನೀತಿ: ಹೊಟ್ಟೆಕಿಚ್ಚಿನಿಂದ ಇನ್ನೊಬ್ಬರ ಆಸರೆ ಕೀಳಲು ಹೋದರೆ, ಕುಸಿಯುವುದು ನಮ್ಮದೇ ಸೂರು.