ಪಿನ್ನು ಕರೆದ ಗ್ರೀಸು

ಹಳೆಯ ಕಾರೊಂದಕ್ಕೆ ಹೊಸ ಬ್ರೇಕ್ ಪ್ಯಾಡ್ ಹಾಕುವ ದಿನ. ಬ್ರೇಕು ಒತ್ತಿದಾಗಲೆಲ್ಲ ಹಿಂದೆ ಮುಂದೆ ಜಾರುವ ಪಿನ್ನೂ ಅದನ್ನು ಬಳೆಯಂತೆ ಸುತ್ತಲೂ ಅಪ್ಪಿಕೊಂಡಿದ್ದ ರಬ್ಬರ್ ಬುಷ್ಷೂ ಹದಿನೈದು ವರ್ಷದ ಗೆಳೆಯರು.

"ಲಾರಿ ಚಕ್ರಗಳನ್ನೇ ತಿರುಗಿಸಿದವನು ನಾನು. ಒಳಗೆ ಬರಲೇ?" ಎಂದಿತು ಡಬ್ಬಿಯ ಗ್ರೀಸು.

"ಆ ಗ್ರೀಸಿನ ಎಣ್ಣೆ ನನ್ನ ರಬ್ಬರ್ ಮೈಗೆ ಆಗದು. ರಬ್ಬರಿಗೆ ಒಗ್ಗುವ ಸಿಲಿಕೋನ್ ಗ್ರೀಸಿಗೆ ಕಾಯೋಣ" ಎಂದಿತು ಬುಷ್.

"ಜಾರಿಸಿದರೆ ಸಾಕು, ಯಾರಾದರೇನು?" ಎಂದ ಪಿನ್ನು ಅದನ್ನೇ ಮೈತುಂಬ ಬಳಿಸಿಕೊಂಡಿತು.

ತಿಂಗಳ ಬಳಿಕ ಕಾರು ಘಟ್ಟ ಇಳಿಯುತ್ತಿತ್ತು. ಬ್ರೇಕು ಒತ್ತಿದಾಗ ಪಿನ್ನು ಸರಿಯಲು ಹೋಯಿತು, ಆಗಲಿಲ್ಲ. ಬ್ರೇಕು ಸರಿಯಾಗಿ ಹಿಡಿಯದೆ ಕಾರು ತಡೆಗೋಡೆಗೆ ಉಜ್ಜಿಕೊಂಡು ನಿಂತಿತು.

ಪಿನ್ನು ದಂಗಾಗಿ ಕೇಳಿತು: "ಇಷ್ಟು ವರ್ಷದ ಗೆಳೆಯ, ನೀನೇ ನನ್ನ ಕತ್ತು ಹಿಸುಕಿದೆಯಾ?"

"ನಾನು ಹಿಸುಕಲಿಲ್ಲ" ಎಂದಿತು ಬುಷ್. "ನೀನು ಕರೆದ ಗ್ರೀಸನ್ನು ಕುಡಿದು ಕುಡಿದು ಊದಿಕೊಂಡೆ. ನಡುವೆ ನೀನಿದ್ದೆ."