ಈರಣ್ಣನ ಸಂಜೆಯ ಗುಳಿಗೆ

ಹೊಳೆಯ ದಂಡೆಯ ಆ ಆಶ್ರಮದಲ್ಲಿ ನಿಯಮ ಒಂದೇ. ಕೈಗೆ ಬಂದದ್ದನ್ನು ಎರಡು ಪಾಲು ಮಾಡಬೇಕು, ಒಂದನ್ನು ಪಕ್ಕದವರಿಗೆ ಕೊಡಬೇಕು. ರೊಟ್ಟಿಯಾದರೂ ಅಷ್ಟೇ, ಹೊದಿಕೆಯಾದರೂ ಅಷ್ಟೇ.

ನಿಯಮ ಮಾಡಿದ ಅಜ್ಜನವರು ಕಾವಿ ಉಡುವ ಮೊದಲು ಡಾಕ್ಟರಾಗಿದ್ದವರು. ಆಶ್ರಮದ ಎಂಟು ಹಾಸಿಗೆಯ ದವಾಖಾನೆಯನ್ನು ಈಗ ಅವರ ಶಿಷ್ಯೆ ಮಹಾನಂದಾ ನೋಡಿಕೊಳ್ಳುತ್ತಿದ್ದಳು. ಅವಳೂ ಡಾಕ್ಟರೇ. ಜಾಣತನಕ್ಕೆ ಕೊರತೆ ಇರಲಿಲ್ಲ, ಅಂತಃಕರಣಕ್ಕಂತೂ ಇರಲೇ ಇಲ್ಲ.

ಒಂದು ಮುಂಜಾನೆ ಅವಳು ಲ್ಯಾಬಿನಿಂದ ಬಂದ ಕಾಗದ ಹಿಡಿದು ಅಡುಗೆಮನೆಯ ಕಟ್ಟೆಗೆ ಬಂದಳು. ಅಜ್ಜನವರು ಜರಡಿ ಹಿಡಿದು ಜೋಳ ಸೋಸುತ್ತಿದ್ದರು.

"ಅಜ್ಜಾರ, ಈರಣ್ಣನ ಮೈಯಾಗಿನ ವೈರಸ್ ಬದಲಾಗೇತಿ. ನಮ್ಮ ಗುಳಿಗಿಗೆ ಅದು ಇನ್ನ ಬಗ್ಗೂದಿಲ್ಲಂತ."

ಈರಣ್ಣ ನೇಕಾರ. ಅಕ್ಕ ಕೊಟ್ಟ ಕಿಡ್ನಿಯ ಮೇಲೆ ಮೂರು ವರ್ಷದಿಂದ ಬದುಕಿದ್ದ. ಆ ಕಿಡ್ನಿಯನ್ನು ಮೈ ಹೊರದಬ್ಬಬಾರದೆಂದು ದಿನವೂ ಔಷಧ ನುಂಗುತ್ತಿದ್ದ. ಅದರಿಂದ ಮೈಗೆ ರೋಗದ ಜೊತೆ ಜಗಳಾಡುವ ಶಕ್ತಿಯೂ ಕುಗ್ಗಿತ್ತು. ಮಂದಿಗೆ ವಾರದಲ್ಲಿ ಹೋಗುವ ಫ್ಲೂ ಅವನನ್ನು ಐದು ವಾರವಾದರೂ ಬಿಟ್ಟಿರಲಿಲ್ಲ.

"ದಿನಕ್ಕ ಎಷ್ಟು ಗುಳಿಗಿ ಕೊಟ್ಟಿ?"

"ಚೀಟಿಯಾಗ ಬರದದ್ದು ಎರಡು."

"ಕೊಟ್ಟದ್ದು ಕೇಳಿದೆ."

ಮಹಾನಂದಾ ತಲೆ ತಗ್ಗಿಸಿದಳು. "ಒಂದು. ಮುಂಜಾನಿದು ಈರಣ್ಣಗ. ಸಂಜಿದು ಕಾಶವ್ವಗ, ಆಮ್ಯಾಲೆ ಜ್ವರ ಬಂದ ಬ್ಯಾರೆಯವರಿಗೆ."

ಕಾಶವ್ವ ಆಶ್ರಮದಲ್ಲಿ ರೊಟ್ಟಿ ಬಡಿಯುವ ಗಟ್ಟಿ ಹೆಂಗಸು.

"ಕಾಶವ್ವಗ ಅದು ಬೇಕಿತ್ತೇನು?"

"ಗಂಜಿ ಕುಡದು ನಾಲ್ಕು ದಿನ ಮಲಗಿದ್ದರ ಏಳತಿದ್ದಳ್ರಿ. ಆದ್ರ ಬಾಜೂ ಹಾಸಿಗ್ಯಾಗ ನರಳಾಡತಿದ್ದಳು. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಡೂದು ಹ್ಯಾಂಗ? ಕಾಶವ್ವಗೂ ಕೊಟ್ಟೆ ಅಂದಾಗ ನೀವೂ ಛಲೋ ಮಾಡಿದಿ ಅಂದ್ರಿ."

ಅಜ್ಜನವರ ಕೈ ನಿಂತಿತು.

"ಅಂದೆ. ಎಲ್ಲಿಂದ ತಗದು ಕೊಟ್ಟಿ ಅಂತ ಕೇಳಬೇಕಾಗಿತ್ತು. ಕೇಳಲಿಲ್ಲ."

ಮಹಾನಂದಾ ಲ್ಯಾಬಿನ ಕಾಗದವನ್ನು ಮತ್ತೆ ಬಿಚ್ಚಿ ನೋಡಿದಳು.

"ಗುಳಿಗಿನ ವೈರಸ್ಸನ್ನ ಬದಲ ಮಾಡಿತೇನ್ರಿ ಅಜ್ಜಾರ?"

ಅಜ್ಜನವರು ಒಂದು ಬೊಗಸೆ ಜೋಳ ಜರಡಿಗೆ ಹಾಕಿ ಆಡಿಸಿದರು. ನುಚ್ಚು ಕೆಳಗೆ ಉದುರಿತು.

"ಈ ನುಚ್ಚು ಜರಡಿ ಮಾಡಿದ್ದೇನು?"

"ಅಲ್ರಿ. ಮೊದಲ ಇತ್ತು."

"ಮತ್ತ ಕೆಳಗ ಬರೇ ನುಚ್ಚ ಯಾಕೈತಿ?"

"ದೊಡ್ಡ ಕಾಳು ಮ್ಯಾಲೆ ತಡದವು."

"ವೈರಸ್ಸೂ ಹಂಗ. ತನ್ನಂಥವನ್ನ ಹುಟ್ಟಿಸಿಕೋತ ಹೊಂಟಿರತೈತಿ. ಹುಟ್ಟಿಸುವಾಗ ತಪ್ಪತೈತಿ. ಹಂಗ ತಪ್ಪಿ ಹುಟ್ಟಿದ್ದರಾಗ ಯಾವುದೋ ಒಂದು, ಔಷಧದ ಕೈಗೆ ಸಿಗೂದಿಲ್ಲ. ನಮ್ಮಂಥವರ ಮೈ ಅದನ್ನೂ ಗುಡಿಸಿ ಹಾಕತೈತಿ. ಈರಣ್ಣನ ಮೈಗೆ ಆ ಕಸುವಿಲ್ಲ."

"ನಾ ಕೊಟ್ಟ ಒಂದು ಗುಳಿಗಿ?"

"ಹುಟ್ಟೂದನ್ನ ನಿಲ್ಲಸಾಕ ಸಾಲಲಿಲ್ಲ. ಔಷಧಕ್ಕ ಬಗ್ಗುವಂಥವನ್ನ ಅಷ್ಟ ಹಿಡೀತು. ಬಗ್ಗದಿದ್ದದ್ದಕ್ಕ ಐದು ವಾರ ಜಾಗ ಸಿಕ್ಕಿತು."

ಮಹಾನಂದಾಳ ಕಣ್ಣು ತುಂಬಿದವು. "ಎರಡೂ ಕೊಟ್ಟಿದ್ದರ ಹಿಂಗ ಆಗತಿದ್ದಿಲ್ಲ, ಹೌದಿಲ್ರಿ?"

"ಆಗದ ಇರಬಹುದಿತ್ತು. ಅಂಥಾ ಮೈಯಾಗ ಪೂರ್ತಿ ಕೊಟ್ಟರೂ ಕೆಲವು ಸಲ ಆಗತೈತಿ."

"ಹಂಗಾದ್ರ ತಪ್ಪು ನಂದ ಅಂತ ಹ್ಯಾಂಗ ಹೇಳೂದು?"

"ಅಲ್ಲ ಅಂತನೂ ಹ್ಯಾಂಗ ಹೇಳತಿ?"

ಬೇರೆ ಔಷಧಕ್ಕೆ ಅಂದೇ ಪಟ್ಟಣಕ್ಕೆ ಹೇಳಿ ಕಳಿಸಿದರು. ಈರಣ್ಣನನ್ನು ಬೇರೆ ಕೋಣೆಗೆ ಒಯ್ದರು. ಬದಲಾದ ವೈರಸ್ ಇನ್ನೊಬ್ಬರಿಗೆ ದಾಟಬಾರದಲ್ಲವೇ. ಅಜ್ಜನವರು ಮೂಗು ಬಾಯಿ ಕಟ್ಟಿಕೊಂಡು ತಾವೇ ಅವನ ಮೈ ಒರೆಸಿದರು.

ಔಷಧ ಮೂರನೆಯ ದಿನ ಬಂತು. ಅಷ್ಟರಲ್ಲಿ ಈರಣ್ಣನ ಪುಪ್ಪುಸ ಸೋತಿತ್ತು. ಮರುದಿನ ಮಧ್ಯಾಹ್ನ ಅವನು ಹೋದ.

ಮಣ್ಣು ಮಾಡಿ ಬಂದ ಮೇಲೆ ಮಹಾನಂದಾ ಅಜ್ಜನವರ ಮುಂದೆ ನಿಂತಳು.

"ನಾ ಊರಿಗೆ ಹೋಗತೀನ್ರಿ. ಔಷಧ ಮುಟ್ಟುವ ಯೋಗ್ಯತಿ ನನಗಿಲ್ಲ."

"ಹೋಗಂತಿ. ಮೊದಲ ಶಂಕ್ರವ್ವಗ ಹೇಳು."

ಶಂಕ್ರವ್ವ ಈರಣ್ಣನ ಹೆಂಡತಿ. ಐದು ವಾರವೂ ಗಂಡನ ಕಾಲ ದೆಸೆಯಲ್ಲಿ ಕೂತಿದ್ದವಳು.

"ಏನಂತ ಹೇಳಲಿ? ಒಡಹುಟ್ಟಿದಾಕಿ ಹಂಗ ನೋಡಿಕೊಂಡಿ ಅಂತ ನನ್ನ ಕೈ ಹಿಡದು ಅತ್ತಾಳ್ರಿ."

"ಅದಕ್ಕ ಹೇಳಬೇಕು."

ಮಹಾನಂದಾ ಹೋದಳು. ಹೊಳೆಯ ಮೆಟ್ಟಿಲ ಮೇಲೆ ಶಂಕ್ರವ್ವನ ಪಕ್ಕ ಕೂತಳು. ಅಜ್ಜನವರು ದೂರದಿಂದಲೇ ನೋಡುತ್ತಿದ್ದರು. ಕರೆದರೆ ಹೋಗೋಣ ಎಂದು ಕಾದರು. ಯಾರೂ ಕರೆಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವಳು ಎದ್ದು ಬಂದಳು. ಮುಖ ಊದಿತ್ತು. ಆದರೂ ಭಾರ ಇಳಿಸಿದವರ ಹಾಗೆ ಕಂಡಳು.

"ಎಲ್ಲಾ ಹೇಳಿದೆ ಅಜ್ಜಾರ. ಒಂದೂ ಮುಚ್ಚಿಡಲಿಲ್ಲ."

"ಏನಂದಳು?"

"ಸೆರಗಿಲೆ ಕಣ್ಣ ಒರಸಿಕೊಂಡಳು. ಆಮ್ಯಾಲೆ, ನೀ ಬೇಕಂತ ಮಾಡಿದ್ದಲ್ಲ ಬಿಡವ್ವಾ ಅಂದಳು. ತಲಿ ಮ್ಯಾಲೆ ಕೈ ಇಟ್ಟಳು. ಆಕಿ ಕ್ಷಮಿಸಿದಳ್ರಿ."

ಅಜ್ಜನವರು ಹೊಳೆಯ ಕಡೆ ನೋಡಿದರು. ಶಂಕ್ರವ್ವ ಇನ್ನೂ ಅಲ್ಲೇ ಕೂತಿದ್ದಳು.

"ಆಕಿ ತನ್ನ ಪಾಲಿಂದು ಕ್ಷಮಿಸ್ಯಾಳ, ಮಗಳ. ಈರಣ್ಣನ ಪಾಲಿಂದು ಕೇಳೋಣಂದ್ರ, ಆತ ನಿನಗೂ ಸಿಗೂದಿಲ್ಲ, ನನಗೂ ಸಿಗೂದಿಲ್ಲ."