ಒಂದು ಕೊಡ ನೀರು

ಹೊಲದ ದಾರಿಯಲ್ಲಿ ಬಂದ ಐವರು ಹುಡುಗಿಯರ ಐದೂ ಸೈಕಲ್ಲುಗಳಿಗೆ ಎರೆಮಣ್ಣು ಮೆತ್ತಿತ್ತು. ಸೈಕಲ್ ಓಟದ ಪಂದ್ಯದ ವ್ಯವಸ್ಥಾಪಕರು ಮೂಗು ಮುರಿದರು.

"ಅರ್ಧ ಗಂಟೆಯಲ್ಲಿ ಫಳಫಳ ಹೊಳೆಯಬೇಕು. ಇಲ್ಲದಿದ್ದರೆ ಈ ಹುಡುಗಿಯರನ್ನು ಓಟಕ್ಕೆ ಬಿಡುವುದಿಲ್ಲ. ನೀರು ಒಂದೇ ಕೊಡ. ಉಳಿದದ್ದು ಅತಿಥಿಗಳಿಗೆ."

ಒಂದು ಚಕ್ರಕ್ಕೇ ಒಂದು ಕೊಡ ಬೇಕು. ಹುಡುಗಿಯರ ಮುಖ ಬಾಡಿತು. ಅವರನ್ನು ಕರೆತಂದಿದ್ದ ಸೈಕಲ್ ರಿಪೇರಿಯ ಗೂಳಪ್ಪ ಮಾತ್ರ "ಆತ್ರಿ" ಎಂದ.

ಹೆಗಲ ಚೀಲದಿಂದ ಒಂದು ಕ್ಯಾನು ತೆಗೆದ. ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ವಾಲ್ವ್, ಬುಡಕ್ಕೆ ರಬ್ಬರ್ ಪೈಪು, ಪೈಪಿನ ತುದಿಗೆ ಬೆಳೆಗೆ ಔಷಧಿ ಹೊಡೆಯುವ ಪಂಪಿನ ಮೂತಿ. ಎಲ್ಲ ತಾನೇ ಕೂಡಿಸಿದ್ದು. ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದ. ಸೂಜಿಯಂತೆ ಚಿಮ್ಮಿದ ನೀರಿಗೆ ಮಣ್ಣು ಹೆಂಟೆ ಹೆಂಟೆಯಾಗಿ ಉದುರಿತು. ಐದೂ ಸೈಕಲ್ ಹೊಳೆದವು. ಕೊಡದಲ್ಲಿ ಇನ್ನೂ ಒಂದು ತಂಬಿಗೆ ನೀರು ಉಳಿದಿತ್ತು.

ಬಾಯಿ ತೆರೆದು ನಿಂತಿದ್ದ ವ್ಯವಸ್ಥಾಪಕರು ಕೆಸರಾದ ತಮ್ಮ ಕಾರಿನತ್ತ ನೋಡಿದರು. "ಇದನ್ನೂ ಸ್ವಲ್ಪ..."

"ಅದಕ್ಕೇನ್ರಿ ಸಾಹೇಬ್ರ, ಪೈಪ್ ನಾ ಹಿಡೀತೇನಿ. ನೀರು ತರೋರು, ಗಾಳಿ ಹೊಡಿಯೋರು ನೀವ."

ಓಟದ ಹೊತ್ತಿಗೆ ಕಾರು ಹೊಳೆಯುತ್ತಿತ್ತು. ಐವರೂ ಗೆರೆಯ ಮೇಲೆ ನಿಂತಿದ್ದರು. ಸೀಟಿ ಊದಲು ವ್ಯವಸ್ಥಾಪಕರಿಗೆ ಉಸಿರೇ ಉಳಿದಿರಲಿಲ್ಲ.

ಗೂಳಪ್ಪನೇ ಊದಿದ.